ನಲವತ್ತೊಂದನೆಯ ಕಂಬ ಮತ್ತು ನಮ್ಮತ್ತೆಯ ಕರಿಬೇವು

ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಒಂದು ಕಣ್ಣು ಮುಚ್ಚಿದರೆ ಸಾಕು, ಅಲ್ಲಿಯವರೆಗೆ ಗಂಭೀರವಾಗಿದ್ದವರೆಲ್ಲ ಸರ್ವೇಯರನ ಮುಂದೆ ಬಂದು ಏನಾದರೊಂದು ತಮಾಷೆ ಮಾಡಿಯೇ ಹೋಗುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ಒಂದೂ ಜೋಕು ಹೇಳಿಲ್ಲ. ಹೇಳುವ ಅಗತ್ಯ ಬಿದ್ದಿಲ್ಲ.

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಒಂದು ಸಣ್ಣ ಸರ್ವೇ ಕಂಪನಿಯಲ್ಲಿ ನನ್ನ ಕೆಲಸ. ಹೆಚ್ಚಾಗಿ ಅಳೆಯುವುದು ಹಾಲಿನ ದನಗಳ ಫಾರ್ಮುಗಳನ್ನು, ಮತ್ತು ಅವನ್ನು ಸೀಳಿ ಮಾಡಿದ ಸೈಟುಗಳನ್ನು. ಮನೆ ಅದೇ ಊರಿನ ರೊಟೊಟೂನ ಬಡಾವಣೆಯಲ್ಲಿ. ಮನೆಯಲ್ಲಿ ಹೆಂಡತಿ, ಹನ್ನೆರಡು ವರ್ಷದ ಮಗಳು, ಹತ್ತು ವರ್ಷದಿಂದ ನಮ್ಮ ಜೊತೆಗೇ ಇರುವ ಬಾಗಲಕೋಟೆಯ ಅತ್ತೆ, ಮತ್ತು ಅತ್ತೆಯ ಕರಿಬೇವಿನ ಗಿಡ. ಗಿಡವನ್ನು ಮನೆಮಂದಿಯ ಲೆಕ್ಕದಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಈ ಊರಿನ ಹಿಮಕ್ಕೆ ಕರಿಬೇವು ಬದುಕುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಅತ್ತೆ ಅದನ್ನು ನೆಲದಲ್ಲೇ ನೆಟ್ಟು ಬದುಕಿಸಿದರು. ಚಳಿಗಾಲ ಬಂತೆಂದರೆ ಅದಕ್ಕೆ ನನ್ನ ಉಣ್ಣೆಯ ಸ್ವೆಟರ್ ತೊಡಿಸುತ್ತಾರೆ. ನನಗೆ ಚಳಿಯಾಗುತ್ತದೆಯೇ ಎಂದು ಯಾರೂ ಕೇಳಿಲ್ಲ.

೧. ಗಡಿ ಇಲ್ಲದವರಿಗೆ ಗಡಿ ಕೆಲಸ

ಕಳೆದ ಚಳಿಗಾಲದಲ್ಲಿ ಒಂದು ದಿನ ಬಾಸ್ ನನ್ನ ಮೇಜಿನ ಬಳಿ ಬಂದು, "ಎರಡು ದೇಶಗಳ ನಡುವಿನ ಗಡಿಯ ಕೆಲಸ ನಮಗೆ ಸಿಕ್ಕಿದೆ" ಎಂದ.

"ಯಾವ ದೇಶಗಳು?"

ಹೇಳಿದ. ಎರಡೂ ಮರುಭೂಮಿ. ಹೆಸರು ಬೇಡ. ಒಂದು ಮೇಲಿದೆ, ಇನ್ನೊಂದು ಕೆಳಗಿದೆ. ನಡುವೆ ಸ್ಕೇಲು ಇಟ್ಟು ಎಳೆದಂಥ ನೇರ ಗೆರೆ. ನಿಜವಾಗಿಯೂ ಸ್ಕೇಲು ಇಟ್ಟೇ ಎಳೆದದ್ದು.

"ನಮಗೇ ಯಾಕೆ?"

"ನ್ಯೂಜಿಲೆಂಡಿಗೆ ನೆಲದ ಗಡಿಯೇ ಇಲ್ಲ. ಸುತ್ತಲೂ ಸಮುದ್ರ. ಹಾಗಾಗಿ ನಮಗೆ ಪಕ್ಷಪಾತ ಇಲ್ಲ ಅಂತ ಇಬ್ಬರೂ ಒಪ್ಪಿದ್ದಾರೆ."

"ನಮಗೆ ಅನುಭವವೂ ಇಲ್ಲ."

"ಅದಕ್ಕೇ ಅವರು ಪಕ್ಷಪಾತ ಇಲ್ಲ ಅಂತ ಹೆಸರಿಟ್ಟಿದ್ದಾರೆ" ಎಂದು ಬಾಸ್ ಫೈಲು ಇಟ್ಟು ಹೋದ.

ಫೈಲಿನ ಸಾರಾಂಶ ಇಷ್ಟು. ಬಹಳ ಹಿಂದೆ ಮೂರನೆಯ ಯಾವುದೋ ದೇಶದಲ್ಲಿ ಕುಳಿತ ಇಬ್ಬರು ಅಧಿಕಾರಿಗಳು ನಕ್ಷೆಯ ಮೇಲೆ ಒಂದು ಬಾವಿಯಿಂದ ಒಂದು ಗುಡ್ಡಕ್ಕೆ ಗೆರೆ ಎಳೆದರು. ಆಮೇಲೆ ಆ ಗೆರೆ ನೆಲದ ಮೇಲೆ ಎಲ್ಲಿ ಬರುತ್ತದೆ ಎಂದು ಹುಡುಕಲು ಒಬ್ಬ ಸರ್ವೇಯರನನ್ನು ಒಂಟೆಗಳ ಜೊತೆ ಕಳಿಸಿದರು. ಆತ ನಕ್ಷತ್ರ ನೋಡಿ ದಿಕ್ಕು ಹಿಡಿದು, ಸರಪಳಿಯಲ್ಲಿ ಅಳೆದು, ಕಲ್ಲಿನ ಕಂಬ ನೆಡುತ್ತಾ ಹೋದ. ಎಲ್ಲ ಕಂಬಗಳೂ ಹೆಚ್ಚುಕಡಿಮೆ ಸಾಲಿನಲ್ಲಿವೆ, ನಲವತ್ತೊಂದನೆಯದನ್ನು ಬಿಟ್ಟು. ಅದು ಸಾಲು ಬಿಟ್ಟು ಇನ್ನೂರು ಹೆಜ್ಜೆ ಉತ್ತರಕ್ಕಿದೆ. ಸುತ್ತ ಬರೀ ಮರಳು. ಆ ದಿನದ ಪುಸ್ತಕದಲ್ಲಿ ಆತ ಬರೆದದ್ದು ಮೂರೇ ಮಾತು: "ಬಿಸಿಲು. ಗೆರೆ ಮುಂದುವರಿಸಲಾಗಲಿಲ್ಲ. ನಾಳೆ ಬಾಗಿಸುವುದು." ಯಾಕೆ ಎಂದು ಬರೆದಿಲ್ಲ. ಈಗ ಕಂಬಗಳ ಜಾಗವನ್ನೆಲ್ಲ ಉಪಗ್ರಹದ ಅಳತೆಯಿಂದ ಲೆಕ್ಕ ಹಾಕಿ, ನಲವತ್ತೊಂದು ಯಾಕೆ ಬಾಗಿದೆ ಎಂದು ನಾನು ಕಾರಣ ಕೊಡಬೇಕು.

ರಾತ್ರಿ ಊಟದಲ್ಲಿ ಇದನ್ನು ಹೇಳಿದೆ. ಅತ್ತೆ ರೊಟ್ಟಿ ಮುರಿಯುತ್ತಾ ಕೇಳಿದರು.

"ಗೆರಿ ಎಳದವರು ಆ ಊರಿಗೆ ಹೋಗಿದ್ರೇನ್ರಿ ಅಳಿಯಂದ್ರ?"

"ಇಲ್ಲ."

"ಕಂಬಾ ನಟ್ಟಾಂವ?"

"ಅವನು ಹೋಗಿದ್ದ."

"ನೀವು ಹೋಗ್ತೀರೇನು?"

"ಇಲ್ಲ. ಇಲ್ಲಿಂದಲೇ ಲೆಕ್ಕ ಮಾಡುವುದು."

"ಅಂದ್ರ ಹೋದಾಂವ ಅವನೊಬ್ಬನ. ಈಗ ತಪ್ಪು ಹುಡುಕೂದೂ ಅವನೊಬ್ಬಂದ."

೨. ಆತ್ಮಕಥೆ

ಅದೇ ವಾರ ಬಿರುಗಾಳಿಗೆ ನಮ್ಮ ಮತ್ತು ಪಕ್ಕದ ಮನೆಯ ನಡುವಿನ ಮರದ ಬೇಲಿ ಬಿತ್ತು.

ಪಕ್ಕದವನು ನಿವೃತ್ತ ಡೈರಿ ಫಾರ್ಮರ್. ದನ ಮಾರಿ ಪೇಟೆಗೆ ಬಂದಿದ್ದಾನೆ. ದನ ಇಲ್ಲದೆ ಬೇಸರವಾಗಿ ಒಂದು ನಾಯಿ ತಂದಿದ್ದಾನೆ. ಅದಕ್ಕೂ ದನ ಇಲ್ಲದೆ ಬೇಸರ. ಹಾಗಾಗಿ ಅದು ನಮ್ಮ ಮಗಳನ್ನು ಅಂಗಳದ ಮೂಲೆಗೆ ಅಟ್ಟಿ ನಿಲ್ಲಿಸುತ್ತದೆ.

"ಗಟ್ಟಿ ಬೇಲಿ ಹಾಕಿಸಬೇಕು ಮೇಟ್" ಎಂದು ಆತ ಬೇಲಿಯ ನೋಟಿಸು ಕೈಗೆ ಕೊಟ್ಟ. ಇಲ್ಲಿಯ ಕಾಯಿದೆ ಹಾಗೆ. ನೋಟಿಸು ಕೊಟ್ಟ ಮೇಲೆ ಆಕ್ಷೇಪಣೆ ಇದ್ದರೆ ಇಪ್ಪತ್ತೊಂದು ದಿನದೊಳಗೆ ಹೇಳಬೇಕು. "ಹಳೆಯ ಬೇಲಿ ಹಾವಿನ ಹಾಗೆ ಇತ್ತು. ಹೊಸದು ಸರಿಯಾಗಿ ಗೆರೆಯ ಮೇಲೇ ಬರಲಿ. ನೀನು ಸರ್ವೇಯರ್ ಅಲ್ಲವಾ, ಗೆರೆ ಎಲ್ಲಿದೆ ತೋರಿಸಿಬಿಡು."

ಇಲ್ಲಿ ಕರಿಬೇವಿನ ವಿಷಯ ಬರುತ್ತದೆ. ಪಕ್ಕದವನ ಇಟ್ಟಿಗೆ ಗ್ಯಾರೇಜಿನ ಗೋಡೆ ನಮ್ಮ ಕಡೆಗೆ, ಅಂದರೆ ಉತ್ತರಕ್ಕೆ, ಮುಖ ಮಾಡಿದೆ. ಈ ದೇಶದಲ್ಲಿ ಬಿಸಿಲು ಬರುವುದು ಉತ್ತರದಿಂದ. ಹಗಲೆಲ್ಲ ಕಾದ ಆ ಗೋಡೆಯ ಶಾಖ ಸಿಗಲಿ ಎಂದು ಅತ್ತೆ ಗಿಡವನ್ನು ಬೇಲಿಗೆ ಆನಿಸಿದಂತೆ ನೆಟ್ಟಿದ್ದರು. ಅದು ಈಗ ನನಗಿಂತ ಎತ್ತರ. ಕಿತ್ತು ಬೇರೆಡೆ ನೆಟ್ಟರೆ ಸಾಯುತ್ತದೆ. ರೊಟೊಟೂನದ ಹತ್ತು ಹನ್ನೆರಡು ಕನ್ನಡದ ಮನೆಗಳ ಒಗ್ಗರಣೆ ಅದರ ಮೇಲೆ ನಿಂತಿದೆ. ಗೆರೆ ಗಿಡದ ಆಚೆ ಇದ್ದರೆ ಗಿಡ ನಮ್ಮದು. ಈಚೆ ಇದ್ದರೆ ಗಿಡ ಪಕ್ಕದವನದು, ಅವನು ಅದನ್ನು ಕರೆಯುವುದು "ಆ ನಾತದ ಪೊದೆ" ಎಂದು.

"ಒಂಬತ್ತು ವರ್ಷದಿಂದ ಈ ಮನ್ಯಾಗ ಇದೀವಿ. ಊರವರ ಗಡಿ ಎಲ್ಲಾ ಅಳದೀರಿ. ನಮ್ಮದು ಒಮ್ಮೆನೂ ನೋಡಲಿಲ್ಲೇನು?" ಎಂದಳು ಹೆಂಡತಿ.

"ನನ್ನ ಗಡಿಯನ್ನು ನಾನೇ ಅಳೆದರೆ ಅದಕ್ಕೆ ಸರ್ವೇ ಅನ್ನುವುದಿಲ್ಲ" ಎಂದೆ. "ಆತ್ಮಕಥೆ ಅನ್ನುತ್ತಾರೆ."

೩. ರವೆಯುಂಡೆಯ ಮೇಲೆ ಸರಳರೇಖೆ

ನಮ್ಮ ಬೀದಿಯಲ್ಲೇ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಮಿತ್ರನಿದ್ದಾನೆ. ಪ್ರತಿ ಶನಿವಾರ ಕರಿಬೇವಿಗೆ ಬರುತ್ತಾನೆ, ಅಭಿಪ್ರಾಯ ಕೊಟ್ಟು ಹೋಗುತ್ತಾನೆ. ಮರುಭೂಮಿಯ ಗಡಿಯ ಸುದ್ದಿ ಕೇಳಿ ನಕ್ಕ.

"ಸ್ಟ್ರೈಟ್ ಲೈನ್ ತಾನೇ ಸಾರ್? ಎರಡು ಪಾಯಿಂಟ್ ಕೊಡಿ. ಟೀ ಆರೋದ್ರೊಳಗೆ ಮಾಡ್ಬಿಡ್ತೀನಿ."

"ಯಾವ ಸ್ಟ್ರೈಟ್?"

"ಅದರಲ್ಲೂ ವೆರೈಟಿ ಇದ್ಯಾ?"

ತಟ್ಟೆಯಲ್ಲಿ ಅತ್ತೆ ಮಾಡಿದ ರವೆಯುಂಡೆ ಇತ್ತು. ಒಂದು ಉಂಡೆ, ಒಂದು ಕಡ್ಡಿ ಅವನ ಕೈಗೆ ಕೊಟ್ಟು, "ಈ ದ್ರಾಕ್ಷಿಯಿಂದ ಆ ಗೋಡಂಬಿಗೆ ನೇರ ಗೆರೆ ಎಳಿ" ಎಂದೆ. ಎಳೆದ. ಉಂಡೆಯನ್ನು ಸ್ವಲ್ಪ ತಿರುಗಿಸಿ, "ಈಗ ನೋಡು" ಎಂದೆ. ಗೆರೆ ಬಿಲ್ಲಿನ ಹಾಗೆ ಬಾಗಿತ್ತು. ಭೂಮಿ ಉಂಡೆ, ನಕ್ಷೆ ಚಪಾತಿ. ಚಪಾತಿಯ ಮೇಲೆ ನೇರವಾಗಿದ್ದದ್ದು ಉಂಡೆಯ ಮೇಲೆ ನೇರವಾಗಿರಬೇಕಿಲ್ಲ. ಅಕ್ಷಾಂಶ ಹಿಡಿದು ಹೋದರೆ ಒಂದು ಗೆರೆ, ಅತಿ ಹತ್ತಿರದ ದಾರಿ ಹಿಡಿದರೆ ಇನ್ನೊಂದು. ಒಪ್ಪಂದದಲ್ಲಿ ಬರೆದದ್ದು ಮಾತ್ರ "ಸರಳರೇಖೆ" ಎಂದು. ಎಷ್ಟು ಸರಳ ಎಂದು ಬರೆದಿಲ್ಲ.

"ಹಾಗಾದ್ರೆ ಕಂಬ ನೆಟ್ಟವನು?"

"ಅವನು ತೂಗುಗುಂಡು ಇಳಿಬಿಟ್ಟು ನಕ್ಷತ್ರ ನೋಡುತ್ತಾನೆ. ಹತ್ತಿರ ದೊಡ್ಡ ಬೆಟ್ಟವಿದ್ದರೆ ಗುಂಡು ಒಂದು ಕೂದಲೆಳೆಯಷ್ಟು ಅದರ ಕಡೆ ವಾಲುತ್ತದೆ. ಅಷ್ಟಕ್ಕೇ ಕಂಬ ನೂರಾರು ಅಡಿ ಆಚೀಚೆ. ಅಮೆರಿಕ, ಕೆನಡಾ ನಡುವಿನ ಗೆರೆ ನಕ್ಷೆಯಲ್ಲಿ ನೇರ. ನೆಲದ ಮೇಲೆ ಕಂಬದಿಂದ ಕಂಬಕ್ಕೆ ಅಂಕುಡೊಂಕು."

"ಮತ್ತೆ ಯಾವುದು ಕರೆಕ್ಟ್ ಸಾರ್? ನಕ್ಷೆನಾ, ಕಂಬನಾ?"

"ಕಂಬ. ನಮ್ಮ ವೃತ್ತಿಯಲ್ಲಿ ನಕ್ಷೆಗಿಂತ ಕಂಬ ದೊಡ್ಡದು. ಒಮ್ಮೆ ನೆಟ್ಟು ಎರಡೂ ಕಡೆಯವರು ಒಪ್ಪಿದರೆ, ತಪ್ಪು ಜಾಗದಲ್ಲಿದ್ದರೂ ಅದೇ ಗಡಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು, "ಏನಂದ್ರಿ? ಇನ್ನೊಮ್ಮೆ ಹೇಳ್ರಿ" ಎಂದರು. ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿ ಒಳಗೆ ಹೋದರು. ನನ್ನ ವೃತ್ತಿಯ ಬಗ್ಗೆ ಅವರು ಆಸಕ್ತಿ ತೋರಿಸಿದ್ದು ಅದೇ ಮೊದಲು. ನನಗೆ ಅನುಮಾನ ಬರಬೇಕಿತ್ತು.

ಮಿತ್ರ ಉಂಡೆಯನ್ನು ಸುಮಾರು ಹೊತ್ತು ದಿಟ್ಟಿಸಿದ. ಆಮೇಲೆ ಎರಡೂ ದೇಶಗಳನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡ.

೪. ಪ್ರಶ್ನೆ ಕೇಳದ ದನಗಳು

ಎರಡೂ ದೇಶಗಳಿಂದ ಒಬ್ಬೊಬ್ಬ ಅಧಿಕಾರಿ ಹ್ಯಾಮಿಲ್ಟನ್ನಿಗೆ ಬಂದರು. ನಮ್ಮ ಮೀಟಿಂಗ್ ಕೋಣೆಯ ಮೇಜಿನ ಒಂದು ಬದಿಗೆ ಒಬ್ಬರು, ಇನ್ನೊಂದು ಬದಿಗೆ ಇನ್ನೊಬ್ಬರು. ಬಾಸ್ ನಡುವೆ ಬಿಸ್ಕತ್ತಿನ ತಟ್ಟೆ ಇಟ್ಟ. ಯಾರೂ ಕೈ ಹಾಕಲಿಲ್ಲ. ತಟ್ಟೆ ಸರಿಯಾಗಿ ಮಧ್ಯದಲ್ಲಿತ್ತು.

"ನಲವತ್ತೊಂದನೆಯ ಕಂಬವನ್ನು ಅವರ ಸೈನಿಕರು ಒಯ್ದು ನೆಟ್ಟಿದ್ದಾರೆ" ಎಂದರು ಮೇಲಿನ ದೇಶದವರು.

"ಕಂಬ ಇದ್ದಲ್ಲೇ ಇದೆ. ಸರ್ವೇಯರನಿಗೆ ಬಿಸಿಲು ತಲೆಗೆ ಹತ್ತಿತ್ತು" ಎಂದರು ಕೆಳಗಿನವರು.

ಇಬ್ಬರೂ ಒಪ್ಪಿದ ಸಂಗತಿ ಒಂದೇ. ಅಲ್ಲಿ ಏನೂ ಇಲ್ಲ, ಆದರೆ ಅದು ತಮ್ಮದು.

ನೇರ ಗೆರೆಯನ್ನು ನೆಲದ ಮೇಲೆ ಎಳೆಯುವುದು ಎಷ್ಟು ಕಷ್ಟವೆಂದು ಕಣ್ಣಾರೆ ತೋರಿಸೋಣ ಎಂದು ಬಾಸ್ ಇಬ್ಬರನ್ನೂ ಒಂದು ಡೈರಿ ಫಾರ್ಮಿಗೆ ಕರೆದೊಯ್ದ. ನಾನು ಕೆಂಪು ಬಿಳಿ ಪಟ್ಟೆಯ ಕೋಲುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದೆ. ಹಿಂದಿನ ಎರಡು ಕೋಲು ಒಂದರಲ್ಲೊಂದು ಮುಚ್ಚಿಹೋಗಿ ಕಾಣಬೇಕು, ಅದರ ನೇರಕ್ಕೆ ಮೂರನೆಯದು. ದಿಬ್ಬ ಬಂದರೆ ಹತ್ತಿ ಇಳಿದು ಮತ್ತೆ ಅದೇ ಕೆಲಸ. ನಾಲ್ಕನೆಯ ಕೋಲು ನೆಟ್ಟು ತಿರುಗುವಷ್ಟರಲ್ಲಿ ಒಂದು ಹಸು ಬಂದು ಎರಡನೆಯದಕ್ಕೆ ಕತ್ತು ಉಜ್ಜಿತು. ಗೆರೆ ಒಂದು ಮೊಳ ಪೂರ್ವಕ್ಕೆ ಸರಿಯಿತು.

"ಇದು ಯಾರ ಹಸು?" ಎಂದು ಇಬ್ಬರು ಅಧಿಕಾರಿಗಳೂ ಒಟ್ಟಿಗೇ ಕೇಳಿದರು. ಅಭ್ಯಾಸ.

ಫಾರ್ಮಿನವನು ಗಮ್‌ಬೂಟಿನಲ್ಲಿ ಬಂದು ನೋಡಿದ. "ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಒಂದೇ ತಂತಿ, ಅದರಲ್ಲಿ ಕರೆಂಟು. ದನಗಳು ಒಂದು ಸಲ ಮುಟ್ಟಿ ನೋಡುತ್ತವೆ. ಆಮೇಲೆ ಗಡಿಯ ಬಗ್ಗೆ ಪ್ರಶ್ನೆ ಕೇಳುವುದಿಲ್ಲ."

ಮೇಲಿನ ದೇಶದ ಅಧಿಕಾರಿ ನಂಬದೆ ತಂತಿ ಮುಟ್ಟಿದರು. ಆ ದಿನ ಮಧ್ಯಾಹ್ನದ ಮೀಟಿಂಗಿನಲ್ಲಿ ಅವರೂ ಪ್ರಶ್ನೆ ಕೇಳಲಿಲ್ಲ.

೫. ಪಕ್ಕದ ಮನೆಯ ಟಿವಿ ನಮ್ಮದಾದದ್ದು

ನೋಟಿಸಿನ ಹತ್ತನೆಯ ದಿನ ನಾನು ಆಫೀಸಿನಲ್ಲಿದ್ದಾಗ ಬೆಂಗಳೂರಿನ ಮಿತ್ರ ಮನೆಗೆ ಬಂದು, "ಆಂಟಿ, ಸಾರ್ ಸುಮ್ನೆ ತಲೆ ಕೆಡಿಸ್ಕೊಂಡಿದಾರೆ. ನಾನು ಅಳೆದು ಕೊಡ್ತೀನಿ" ಎಂದನಂತೆ. ನಮ್ಮ ಸೈಟಿನ ಪ್ಲಾನು ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅದರಲ್ಲಿ ನಮ್ಮ ಗಡಿ ರಸ್ತೆಯ ಕಡೆಯಿಂದ ನೇರ ಪೂರ್ವಕ್ಕೆ ಹೋಗುತ್ತದೆ. ಆತ ಮೊಬೈಲಿನ ದಿಕ್ಸೂಚಿ ಹಿಡಿದು, ಪೂರ್ವಕ್ಕೆ ಮುಖ ಮಾಡಿ, ಕೈಯಲ್ಲಿ ಹಗ್ಗದ ಉಂಡೆ ಹಿಡಿದು ನಡೆದ.

ಸಂಜೆ ನಾನು ಬಂದಾಗ ಹಗ್ಗ ನಮ್ಮ ಅಂಗಳದ ಮುಂದಿನ ಮೂಲೆಯಲ್ಲಿ ಹೊರಟು, ಕರಿಬೇವನ್ನು ದೂರದಿಂದಲೇ ಬಳಸಿ, ಪಕ್ಕದವನ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಿತ್ತು. ಮುಂದೆ ಗೋಡೆ ಅಡ್ಡ ಬಂದದ್ದರಿಂದ ಮಿತ್ರ ಕಿಟಕಿಯಲ್ಲಿ ಇಣುಕಿ ಅಂದಾಜು ಮಾಡಿದ್ದ.

"ಆಂಟಿ, ಗುಡ್ ನ್ಯೂಸ್. ಗಿಡ ನಿಮ್ದೇ. ಅವ್ರ ಲಿವಿಂಗ್ ರೂಮಿನ ಅರ್ಧ ಭಾಗವೂ ನಿಮ್ದೇ. ಟಿವಿ ನಿಮ್ಮ ಕಡೆ ಬರುತ್ತೆ."

ಅತ್ತೆ ತೃಪ್ತಿಯಿಂದ ನೋಡುತ್ತಿದ್ದರು. "ಟಿವಿ ಬ್ಯಾಡ. ಗಿಡಾ ಬಂದ್ರ ಸಾಕು" ಎಂದು ಔದಾರ್ಯ ತೋರಿದರು.

ನಾನು ಅವನ ಮೊಬೈಲು ತೆಗೆದುಕೊಂಡು ನೋಡಿದೆ. "ಈ ದಿಕ್ಸೂಚಿ ತೋರಿಸುವುದು ಅಯಸ್ಕಾಂತದ ಉತ್ತರ. ಈ ಊರಿನಲ್ಲಿ ಅದು ನಿಜವಾದ ಉತ್ತರದಿಂದ ಸುಮಾರು ಇಪ್ಪತ್ತು ಡಿಗ್ರಿ ಓರೆ. ನಿನ್ನ ಪೂರ್ವವೂ ಅಷ್ಟೇ ಓರೆ. ಹಿಂದಿನ ಕಾಲದಲ್ಲಿ ಎಷ್ಟೋ ಗಡಿಗಳು ಇದನ್ನು ಲೆಕ್ಕಕ್ಕೆ ಹಿಡಿಯದೆ ಪಕ್ಕದ ದೇಶಕ್ಕೆ ನುಗ್ಗಿವೆ."

ಮಿತ್ರನ ಮುಖ ಬಿಳಿಚಿತು. ಸಮಸ್ಯೆ ನಮ್ಮ ಗಿಡದ್ದಲ್ಲ. "ಸಾರ್, ನಮ್ಮ ದೇವರ ಮನೆ ಈಶಾನ್ಯಕ್ಕೆ ಅಂತ ಇದೇ ಆಪ್‌ನಲ್ಲಿ ನೋಡಿ ಕಟ್ಟಿಸಿದ್ದು!"

"ಇಪ್ಪತ್ತು ಡಿಗ್ರಿ ತಪ್ಪಿದೆ."

ಆ ವಾರವೆಲ್ಲ ಅವನು ಕರಿಬೇವಿಗೆ ಬರಲಿಲ್ಲ. ಮುಂದಿನ ಶನಿವಾರ ಬಂದಾಗ ಮುಖ ಅರಳಿತ್ತು. ವಾಸ್ತು ಗುರುಗಳಿಗೆ ವಿಡಿಯೋ ಕಾಲ್ ಮಾಡಿದ್ದನಂತೆ.

"ಪರವಾಗಿಲ್ಲ ಅಂದ್ರು ಸಾರ್. ಸಮುದ್ರ ದಾಟಿದವರಿಗೆ ಇಪ್ಪತ್ತೈದು ಡಿಗ್ರಿವರೆಗೆ ವಿನಾಯಿತಿ ಇದೆಯಂತೆ."

೬. ಸ್ವೆಟರಿನೊಳಗಿನ ಸಾಕ್ಷಿ

ಹದಿನೆಂಟನೆಯ ದಿನ ಶನಿವಾರ. ಇನ್ನು ತಡೆಯುವಂತಿರಲಿಲ್ಲ. ಆಫೀಸಿನ ಯಂತ್ರ ತಂದು ಅಂಗಳದಲ್ಲಿ ನಿಲ್ಲಿಸಿದೆ. ರಸ್ತೆಯಲ್ಲಿರುವ ಹಳೆಯ ಗುರುತುಗಳಿಂದ ಲೆಕ್ಕ ಹಾಕಿ ನಮ್ಮ ಹಿಂದಿನ ಮೂಲೆ ಎಲ್ಲಿ ಬರಬೇಕೋ ಅಲ್ಲಿ ಅಗೆದೆ. ಪ್ರತಿ ಸೈಟಿನ ಮೂಲೆಯಲ್ಲೂ ಸರ್ವೇಯರ್ ಒಂದು ಬಿಳಿ ಮರದ ಗೂಟ ಹೊಡೆದಿರುತ್ತಾನೆ. ಅದೇ ನಮ್ಮ ಕಂಬ. ಲೆಕ್ಕದ ಪ್ರಕಾರ ಕರಿಬೇವಿನ ಕಾಂಡ ಗೆರೆಯ ಆಚೆ, ಒಂದು ಗೇಣಿನಷ್ಟು. ಗೂಟ ಸಿಕ್ಕಿ, ಅದು ಒಂದು ಗೇಣು ದಕ್ಷಿಣಕ್ಕಿದ್ದರೆ ಮಾತ್ರ ಗಿಡ ಉಳಿಯುತ್ತದೆ.

ಒಂದು ಅಡಿ ಅಗೆದೆ. ಗೂಟವಿಲ್ಲ. ಇನ್ನೊಂದು ಅಡಿ ಅಗೆದೆ. ಇಲ್ಲ.

ಅತ್ತೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಾ ನೋಡುತ್ತಿದ್ದರು. "ಏನು ಹುಡುಕಾಕ ಹತ್ತೀರಿ?"

"ಗೂಟ. ಬಿಳಿ ಬಣ್ಣ. ಮೇಲೆ ನಂಬರು ಇರುತ್ತದೆ."

ಅತ್ತೆ ಚಹಾದ ಕಪ್ಪನ್ನು ಕೆಳಗಿಟ್ಟರು. "ನಂಬರ್ ಇರ್ತದೇನು?" ಎಂದು ಎದ್ದು ಒಳಗೆ ಹೊರಟರು.

ಮಗಳು ಕರಿಬೇವಿನ ಹತ್ತಿರ ನಿಂತಿದ್ದಳು. ಗಿಡದ ಮೈಮೇಲಿನ ನನ್ನ ಸ್ವೆಟರನ್ನು ಎತ್ತಿ ಹಿಡಿದು, "ಅಪ್ಪಾ, ಲೈಕ್ ದಿಸ್ ಒನ್?" ಎಂದಳು.

ಕಾಂಡಕ್ಕೆ ಆಸರೆಯಾಗಿ ಒಂದು ಗೂಟ. ಕಟ್ಟಿದ್ದು ಇಳಕಲ್ ಸೀರೆಯ ಅಂಚಿನಿಂದ. ಬಿಳಿ ಬಣ್ಣ ಮಾಸಿತ್ತು. ನಂಬರು ಮಾತ್ರ ಸ್ಪಷ್ಟವಾಗಿತ್ತು. ಒಂಬತ್ತು ವರ್ಷ ನಾನು ದಿನವೂ ಅದರ ಪಕ್ಕ ನಿಂತು ಹಲ್ಲುಜ್ಜಿದ್ದೇನೆ.

"ಅತ್ತೀ, ಇದು ಎಲ್ಲಿತ್ತು?"

ಬಾಗಿಲಲ್ಲೇ ನಿಂತರು. "ಅಲ್ಲೇ ಮೂಲ್ಯಾಗ. ಮನಿ ಕಟ್ಟಿದವರು ಬಿಟ್ಟು ಹೋಗ್ಯಾರ ಅಂದ್ಕೊಂಡೆ."

"ಕಿತ್ತದ್ದು ಯಾಕೆ?"

"ಗಿಡಕ್ಕ ಒಂದು ಕೋಲು ತಂದುಕೊಡ್ರಿ ಅಂತ ನಿಮಗ ನಾಕ್ ಸರ್ತಿ ಹೇಳಿದೆ. ಬರೋ ಶನಿವಾರ ಅಂದ್ರಿ. ಆ ಶನಿವಾರ ಇನ್ನೂ ಬಂದಿಲ್ಲ."

"ಗಡಿಯ ಗುರುತು ಕೀಳುವುದು ಈ ದೇಶದಲ್ಲಿ ಅಪರಾಧ."

"ಅಜ್ಜಿ, ಯು ಕುಡ್ ಗೋ ಟು ಜೈಲ್" ಎಂದಳು ಮಗಳು ಖುಷಿಯಿಂದ.

"ಹೋಗ್ತೀನಂತ" ಎಂದರು ಅತ್ತೆ. "ಗಿಡಕ್ಕ ನೀರು ಹಾಕವರು ಯಾರು, ಅದನ್ನ ಮೊದಲ ಹೇಳ್ರಿ." ಆಮೇಲೆ ಅಂಗಳಕ್ಕೆ ಇಳಿದು ಬಂದು ಗೂಟದ ಮೇಲೆ ಕೈಯಿಟ್ಟರು. "ನೀವ ಹೇಳಿದ್ರಿ, ನಕ್ಷಿಗಿಂತ ಕಂಬಾ ದೊಡ್ಡದು ಅಂತ. ತಪ್ಪು ಜಾಗಾದಾಗ ಇದ್ರೂ ಅದ ಗಡಿ ಅಂತ. ಎರಡು ಸರ್ತಿ ಹೇಳಿಸೀನಿ. ಕಂಬಾ ಇಲ್ಲೈತಿ. ಗಿಡಾ ನಮ್ಮದು."

ಕೆಳಗಿನ ದೇಶದ ಅಧಿಕಾರಿ ಎರಡು ವಾರದಿಂದ ಮಂಡಿಸುತ್ತಿದ್ದ ವಾದವೂ ಇದೇ. ಅವರ ಕಡೆ ಆರು ವಕೀಲರಿದ್ದರು.

೭. ಕಾರಣ

ಪಕ್ಕದವನಿಗೆ ಹೇಳಲೇಬೇಕಿತ್ತು. ಹೇಳದಿದ್ದರೆ ಗಿಡ ಉಳಿಯುತ್ತಿತ್ತು, ಆದರೆ ನನ್ನ ಲೈಸೆನ್ಸಿನ ಮೇಲೆ ನನಗೆ ಅಷ್ಟಾದರೂ ಮರ್ಯಾದೆ ಇತ್ತು. ಗೂಟ ಬಿಚ್ಚಿಕೊಂಡು, ಬಿದ್ದ ಬೇಲಿ ದಾಟಿ ಹೋದೆ. ಹಿಂದೆಯೇ ಅತ್ತೆ ಬಂದರು, ಕೈಯಲ್ಲಿ ತಟ್ಟೆ. ಬೇಲಿ ಬಿದ್ದ ದಿನದಿಂದ ಅವರು ಅದೇ ದಾರಿಯಲ್ಲಿ ಅವನಿಗೆ ಒಗ್ಗರಣೆ ಹಾಕಿದ ಚುರಮುರಿ ಸೂಸ್ಲಾ ಒಯ್ದು ಕೊಡುತ್ತಿದ್ದರಂತೆ. ಇವರಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಈ ತಟ್ಟೆಯ ಓಡಾಟ ನನಗೆ ಗೊತ್ತಾದದ್ದು ಆಗ. ನನ್ನ ಮನೆಯ ವಿದೇಶಾಂಗ ನೀತಿ ನನಗೆ ಯಾವಾಗಲೂ ಕೊನೆಗೇ ತಿಳಿಯುವುದು.

"ಈ ಗೂಟ ಮೂಲೆಯಲ್ಲಿರಬೇಕಿತ್ತು" ಎಂದು ಶುರುಮಾಡಿದೆ. "ನಮ್ಮ ಮನೆಯವರೇ ಕಿತ್ತಿದ್ದಾರೆ. ನಾನು ಸರ್ವೇಯರ್. ತಪ್ಪಾಗಿದೆ."

ಅವನು ಗೂಟವನ್ನು ನೋಡಿದ, ನನ್ನನ್ನು ನೋಡಿದ, ತಿರುಗಿ ಗ್ಯಾರೇಜಿನೊಳಗೆ ಹೋದ. ಪೊಲೀಸರಿಗೆ ಫೋನು ಮಾಡುತ್ತಾನೋ ಎಂದು ಅನ್ನಿಸಿತು. ಹೊರಗೆ ಬಂದಾಗ ಅವನ ಕೈಯಲ್ಲೂ ಒಂದು ಬಿಳಿ ಗೂಟವಿತ್ತು. ನಡುವೆ ಮುರಿದಿತ್ತು.

"ಇದು ರಸ್ತೆಯ ಕಡೆಯದು. ನಾಲ್ಕು ವರ್ಷದ ಹಿಂದೆ ಯೂಟ್ ಪಿಕಪ್ಪಿನಲ್ಲಿ ದೋಣಿಯ ಟ್ರೇಲರ್ ಹಿಂದಕ್ಕೆ ತರುವಾಗ ಇದರ ಮೇಲೆ ಹತ್ತಿಸಿಬಿಟ್ಟೆ. ಹೇಳೋಣ ಅಂದರೆ ಧೈರ್ಯ ಬರಲಿಲ್ಲ ಮೇಟ್. ನೀನು ಸರ್ವೇಯರ್ ಅಲ್ಲವಾ."

ಎರಡು ದೇಶಗಳಿಗೆ ಗಡಿ ಹೇಳಿಕೊಡುತ್ತಿದ್ದವನ ಸ್ವಂತ ಗಡಿಯ ಎರಡೂ ಕಂಬಗಳು ನಮ್ಮಿಬ್ಬರ ಕೈಯಲ್ಲಿದ್ದವು.

ಉಳಿದದ್ದನ್ನೂ ಹೇಳಿದೆ. "ಲೆಕ್ಕದ ಪ್ರಕಾರ ಗಿಡ ನಿನ್ನ ಕಡೆ ಬರುತ್ತದೆ. ಒಂದು ಗೇಣು. ಬೇಲಿ ಗೆರೆಯ ಮೇಲೇ ಬರಬೇಕಾದರೆ ಗಿಡ ಕಡಿಯಬೇಕು."

ಅತ್ತೆಗೆ ನಾನು ಹೇಳಿದ್ದು ಅರ್ಥವಾಗಲಿಲ್ಲ. ಆದರೆ ನಾನು ಕೈಯಲ್ಲಿ ಗೇಣು ತೋರಿಸಿದ್ದನ್ನು ನೋಡಿದರು. ತಟ್ಟೆಯನ್ನು ಅವನ ಕಡೆ ಇನ್ನೊಂದಿಷ್ಟು ಮುಂದೆ ಚಾಚಿದರು.

ಅವನು ಸ್ವೆಟರ್ ತೊಟ್ಟ ಗಿಡವನ್ನು ನೋಡಿದ. ತಟ್ಟೆಯಿಂದ ಒಂದು ಕರಿಬೇವಿನ ಎಲೆ ಎತ್ತಿ ಹಿಡಿದು, "ಇದು ಅದೇನಾ?" ಎಂದ.

"ಅದೇ."

"ಆ ನಾತದ ಪೊದೆ?"

"ಅದೇ."

ಎಲೆಯನ್ನು ಬಾಯಿಗೆ ಹಾಕಿಕೊಂಡು ಜಗಿದ. ನಾಯಿ ಒಂದು ಸುತ್ತು ಬಂದು ಅತ್ತೆಯ ಕಾಲಬುಡದಲ್ಲಿ ಕುಳಿತಿತು. ನಮ್ಮಲ್ಲಿ ಅದು ಅಟ್ಟದೆ ಬಿಟ್ಟಿದ್ದು ಅವರೊಬ್ಬರನ್ನೇ.

"ನಾಯಿಗೆ ಬೇಲಿ ಬೇಕು" ಎಂದ ಕೊನೆಗೆ. "ನೇರ ಬೇಲಿಯೇ ಬೇಕು ಅಂತ ಅದು ಹೇಳಿಲ್ಲ."

ನಮ್ಮ ಆಫೀಸಿನ ಇನ್ನೊಬ್ಬ ಸರ್ವೇಯರ್ ಬಂದು ಎರಡೂ ಮೂಲೆಗೆ ಹೊಸ ಗೂಟ ಹೊಡೆದ. ನಗು ತಡೆಯಲು ಅವನು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಗೆರೆ ಗೆರೆಯ ಜಾಗದಲ್ಲೇ ಉಳಿಯಿತು. ಬೇಲಿ ಮಾತ್ರ ಇಬ್ಬರ ಒಪ್ಪಿಗೆಯಿಂದ, ರಸ್ತೆಯ ಕಡೆಯಿಂದ ನೇರವಾಗಿ ಬಂದು, ಕರಿಬೇವಿನ ಹತ್ತಿರ ಹೊಟ್ಟೆ ಬಂದಂತೆ ಆಚೆಗೆ ಬಾಗಿ, ಮತ್ತೆ ಗೆರೆಗೆ ಸೇರುತ್ತದೆ. ಬಾಗಿದ ಜಾಗದಲ್ಲಿ ಒಂದು ಹಲಗೆ ಕಡಿಮೆ ಇದೆ. ತಟ್ಟೆ ದಾಟಲು.

ಇಷ್ಟಾದ ಮೇಲೆ ಒಂದು ಭಾನುವಾರ ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಎರಡು ದೇಶಗಳ ವರದಿ ಮುಗಿಸುತ್ತಿದ್ದೆ. ಎಲ್ಲ ಕಂಬಗಳ ಲೆಕ್ಕವೂ ಆಗಿತ್ತು. "ನಲವತ್ತೊಂದನೆಯ ಕಂಬ ಬಾಗಿರುವುದಕ್ಕೆ ಕಾರಣ" ಎಂಬಲ್ಲಿ ಮಾತ್ರ ಜಾಗ ಖಾಲಿ. ಬೆಟ್ಟವಿಲ್ಲ. ಬಾವಿಯಿಲ್ಲ. ಅಯಸ್ಕಾಂತದ ಕಲ್ಲಿಲ್ಲ. ಸೈನಿಕರು ಬಂದದ್ದಕ್ಕೆ ಪುರಾವೆಯಿಲ್ಲ. ಬಿಸಿಲು, ಗೆರೆ ಮುಂದುವರಿಸಲಾಗಲಿಲ್ಲ, ನಾಳೆ ಬಾಗಿಸುವುದು. ತಲೆಯೆತ್ತಿ ಕಿಟಕಿಯಾಚೆ ನಮ್ಮ ಬೇಲಿಯನ್ನು ನೋಡಿದೆ.

"ಏನು ಬರಿಯಾಕ ಹತ್ತೀರಿ?" ಎಂದರು ಅತ್ತೆ ಒಗ್ಗರಣೆ ಹಾಕುತ್ತಾ.

"ಆ ಕಂಬ ಯಾಕೆ ಬಾಗಿದೆ ಅಂತ. ಅಲ್ಲಿ ಈಗ ಏನೂ ಇಲ್ಲ. ಬರೀ ಮರಳು."

"ಈಗ ಇಲ್ಲ. ಆಗ ಯಾರದೋ ಅತ್ತಿ ಇದ್ರು ಅಂತ ಬರೀರಿ."

ವರದಿಯ ಭಾಷೆಗೆ ತಿರುಗಿಸಿ, "ಸ್ಥಳೀಯ ನಿವಾಸಿಯೊಬ್ಬರ ಬಲವಾದ ಆಕ್ಷೇಪಣೆಯ ಕಾರಣ ಸರ್ವೇಯರ್ ಗೆರೆಯನ್ನು ಬಾಗಿಸಿರುವ ಸಾಧ್ಯತೆ ಹೆಚ್ಚು" ಎಂದು ಬರೆದೆ. ನನ್ನ ವೃತ್ತಿಯಲ್ಲಿ ಅಷ್ಟು ಖಚಿತವಾಗಿ ನಾನು ಏನನ್ನೂ ಬರೆದಿರಲಿಲ್ಲ.

ಎರಡು ವಾರಕ್ಕೆ ಎರಡೂ ದೇಶಗಳಿಂದ ಪತ್ರ ಬಂತು, ಒಂದೇ ದಿನ. ಎರಡೂ ವರದಿಯನ್ನು ಪೂರ್ತಿ ಒಪ್ಪಿದ್ದವು. ಇಬ್ಬರೂ ಸ್ಪಷ್ಟನೆ ಕೇಳಿದ್ದು ಒಂದೇ ವಿಷಯಕ್ಕೆ. ಆಕ್ಷೇಪಣೆ ಮಾಡಿದ ಆ ಸ್ಥಳೀಯ ನಿವಾಸಿ ತಮ್ಮ ದೇಶದವರೇ ಎಂಬುದನ್ನು ದಯವಿಟ್ಟು ದೃಢಪಡಿಸಬೇಕು.

ಊಟಕ್ಕೆ ಕುಳಿತಾಗ ಪತ್ರಗಳನ್ನು ಓದಿ ಹೇಳಿದೆ. ಅತ್ತೆ ಸಾರು ಬಡಿಸುತ್ತಿದ್ದವರು ಸೌಟು ನಿಲ್ಲಿಸಿದರು.

"ಎಲ್ಲಿಯವರು ಅಂತ ಕೇಳ್ಯಾರೇನು? ಬಾಗಲಕೋಟಿ ಅಂತ ಬರೀರಿ."